ಒರೆಸಿದ ಕುಂಕುಮ

ನಿನ್ನೆ ಮೊಮ್ಮಗಳು ತನ್ನ ಹುಟ್ಟುಹಬ್ಬಕ್ಕೆ ಕರೆಯಬೇಕಾದವರ ಪಟ್ಟಿ ಬರೆಯುತ್ತಿದ್ದಳು. ಒಂದು ಹೆಸರಿನ ಮೇಲೆ ಕೆಂಪು ಗೀಟು ಬಿದ್ದಿತ್ತು. ಯಾಕೆ ಎಂದರೆ, "ಅವಳು ಬಂದರೆ ಎಲ್ಲಾ ಕೆಡಿಸ್ತಾಳಜ್ಜಿ, ಕೂತಲ್ಲಿ ಕೂರೋದಿಲ್ಲ" ಎಂದಳು. ನಾನು ಕನ್ನಡಕ ಒರೆಸುವ ನೆವ ಮಾಡಿದೆ. ಆ ಕೆಂಪು ಬಣ್ಣ ನನ್ನನ್ನು ರಾಯದುರ್ಗದ ಬೆಟ್ಟದ ಕೆಳಗಿನ ನಮ್ಮ ಓಣಿಗೆ ಎಳೆದುಕೊಂಡು ಹೋಗಿತ್ತು.

ನಮ್ಮೂರು ಆಗ ಮದ್ರಾಸಿಗೆ ಸೇರಿತ್ತು. ಹಾಗೆಂದು ನಾವ್ಯಾರೂ ಮದ್ರಾಸು ಕಂಡವರಲ್ಲ, ಬಳ್ಳಾರಿ ಕಂಡಿದ್ದರೇ ದೊಡ್ಡ ಮಾತು. ಮಗುವನ್ನು ಮಣೆಯ ಮೇಲೆ ಕೂರಿಸಿ ಸಂಜೆ ಆರತಿ ಎತ್ತಿ, ಬಂದ ಮಕ್ಕಳ ಕೈಗೆ ಕೊಬ್ಬರಿ ಸಕ್ಕರೆ ಹಾಕಿದರೆ ಹುಟ್ಟುಹಬ್ಬ ಮುಗಿಯಿತು. ಆದರೆ ಕರೆಯದೆ ಯಾರೂ ಬರುತ್ತಿರಲಿಲ್ಲ. ಮನೆಯ ಹುಡುಗಿ ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗಬೇಕು. ಬೀಗ ಹಾಕಿದ್ದರೆ ಹೊಸ್ತಿಲಿಗೆ ಕುಂಕುಮ ಹಚ್ಚಿ ಬಂದರೆ ಆಯಿತು, ಕರೆದಂತೆಯೇ.

ತಮ್ಮನ ಹುಟ್ಟುಹಬ್ಬದ ದಿನ ಭರಣಿ ನನ್ನ ಕೈಗೆ ಬಂತು. ಒಂಬತ್ತು ವರ್ಷದ ನನಗೆ ತಹಶೀಲ್ದಾರರ ಠೀವಿ! ಅವ್ವ ಬಾಗಿಲವರೆಗೂ ಬಂದು ಹೇಳಿದಳು: "ಗಂಗಿ ಮನಿಗೆ ಮಾತ್ರ ಹೋಗಬ್ಯಾಡ. ಹೋದ ವರ್ಷ ಆರತಿ ತಾಟು ಕೆಡವಿದ್ದು ಸಾಕು."

ಗಂಗಿ ನನ್ನ ವಾರಿಗೆಯವಳು, ಕಂಬಳಿ ಮಾರುವವರ ಮಗಳು. ಅವಳಿಗೆ ನಡೆಯುವುದು ಗೊತ್ತಿರಲಿಲ್ಲ, ಓಡುವುದಷ್ಟೇ. ಕನ್ನಡದಲ್ಲಿ ಶುರುಮಾಡಿದ ಜಗಳವನ್ನು ತೆಲುಗಿನಲ್ಲಿ ಮುಗಿಸುತ್ತಿದ್ದಳು. ನನಗೆ ಅವಳೆಂದರೆ ಜೀವ. ಆದರೆ ಓಣಿಯವರ ಬಾಯಲ್ಲಿ ನಾನು ಜಾಣೆ. ಆ ಹೆಸರು ಕಳೆದುಕೊಳ್ಳುವಷ್ಟು ಧೈರ್ಯ ಎಲ್ಲಿತ್ತು, ನೀವೇ ಹೇಳಿ.

ಅವತ್ತು ಸಂತೆ, ಅರ್ಧ ಓಣಿಗೆ ಬೀಗ. ಒಂದೊಂದೇ ಹೊಸ್ತಿಲಿಗೆ ಹಚ್ಚುತ್ತ ಬಂದ ಕೈ ಗಂಗಿಯ ಹೊಸ್ತಿಲಿಗೂ ಹಚ್ಚಿಬಿಟ್ಟಿತು. ಆಮೇಲೆ ಅವ್ವನ ಮಾತು ನೆನಪಾಯಿತು. ಲಂಗದ ಅಂಚಿನಿಂದ ಒರೆಸಿದೆ, ಉಗುಳು ಹಚ್ಚಿ ತಿಕ್ಕಿದೆ, ಓಡಿದೆ.

ಸಂಜೆ ಗಂಗಿ ಬಂದಳು. ಎಣ್ಣೆ ಹಚ್ಚಿ ಬಾಚಿದ ತಲೆ, ಒಗೆದ ಲಂಗ. ಅವ್ವ ನನ್ನ ಮುಖ ನೋಡಿದಳು; ನಾನು ಗೋಡೆ ನೋಡಿದೆ.

"ನಿನ್ನ ಯಾರು ಕರದ್ರು?" ಎಂದಳು ಅವ್ವ.

"ಹೊಸ್ತಿಲಿಗೆ ಕುಂಕುಮ ಇತ್ತಲ್ರಿ ಅತ್ತಿ. ಯಾರೋ ಅಳಿಸ್ಯಾರ. ಸ್ವಲ್ಪ ಉಳದಿತ್ರಿ."

ಅವ್ವ ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. ಗಂಗಿ ಮೂಲೆಯ ಚಾಪೆಯ ಮೇಲೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕುಳಿತಳು. ಹಾಡಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳು ತಟ್ಟಲಿಲ್ಲ. ನನ್ನ ತಮ್ಮ ಅವಳ ಜಡೆ ಎಳೆದರೂ ಅಲುಗಲಿಲ್ಲ. ಕೊಬ್ಬರಿ ಸಕ್ಕರೆ ಕೊಡುವಾಗ ಮಾತ್ರ ಒಂದು ಕೈ ಹೊರಗೆ ಬಂತು. ಅಂಗೈಯಲ್ಲಿ ಚಾಪೆಯ ಗೆರೆಗಳು ಮೂಡಿದ್ದವು.

ಹೊರಡುವಾಗ ಅವ್ವನ ಸೆರಗು ಹಿಡಿದಳು. "ಸುಮ್ಮನ ಕುಂತಿದ್ನಲ್ರಿ ಅತ್ತಿ? ಮುಂದಿನ ವರ್ಷ ಕುಂಕುಮ ಗಟ್ಟಿಯಾಗಿ ಹಚ್ಚಸ್ರಿ."

ಮರುವರ್ಷ ಅವ್ವ ತಾನೇ ಭರಣಿ ಹಿಡಿದು ಮೊದಲು ಗಂಗಿಯ ಮನೆಗೆ ಹೋದಳು. ಗಂಗಿ ಬಂದಳು. ಬಂದು, ಮತ್ತೆ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡೇ ಕುಳಿತಳು. ನಾನು ಒರೆಸಿದ್ದನ್ನು ಅವ್ವನಿಗೂ ಹೇಳಲಿಲ್ಲ, ಗಂಗಿಗೂ ಹೇಳಲಿಲ್ಲ. ಈ ವಯಸ್ಸಿನಲ್ಲೂ ನೆನೆದರೆ ನಾಚಿಕೆಯಾಗುತ್ತದೆ.

ನಿನ್ನೆ ಮೊದಲ ಸಲ ಬಾಯಿಬಿಟ್ಟೆ, ಮೊಮ್ಮಗಳ ಮುಂದೆ. ಅವಳು ಪೆನ್ನು ಕಚ್ಚುತ್ತ ಕೇಳಿಸಿಕೊಂಡಳು. ಆಮೇಲೆ ಗೀಟು ಹೊಡೆದ ಹೆಸರಿಗೂ ಒಂದು ಕಾರ್ಡು ತೆಗೆದಳು.

"ಗಲಾಟೆ ಮಾಡಬೇಡ ಅಂತ ಕೆಳಗೆ ಬರೀಲಾ ಅಜ್ಜಿ?"

"ಬ್ಯಾಡವ್ವ," ಎಂದೆ. "ಕುಣಿಯಾಕ ಬಾ ಅಂತ ಬರಿ."