ಅಟ್ಟದ ಮೇಲಿನ ರೇಷ್ಮೆ

ಒಣಗಿದ ತೆಂಗಿನಕಾಯಿಯನ್ನು ಎಡಗಿವಿಗೆ ಹಿಡಿದು ಅಲ್ಲಾಡಿಸುವಾಗ ದೊಡ್ಡಪ್ಪನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಕೆಳದುಟಿ ಸ್ವಲ್ಪ ಜೋಲುತ್ತಿತ್ತು. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗೊಡಗೊಡ ಎನ್ನುವ ಒಣ ಸದ್ದು. ಇನ್ನೂ ಹಸಿಯಾಗಿದ್ದರೆ ಬೇರೆಯೇ ಸದ್ದು. ಜೀವಮಾನವೆಲ್ಲ ಕಾಯಿ ತಾಗಿ ತಾಗಿ ಆ ಕಿವಿಯ ಹಾಲೆ ಇನ್ನೊಂದಕ್ಕಿಂತ ದಪ್ಪವಾಗಿ, ಹಿಮ್ಮಡಿಯ ಹಾಗೆ ಗಡುಸಾಗಿತ್ತು.

ಈ ಮನುಷ್ಯನನ್ನು ಚೀನಾ ಮುಳುಗಿಸಿತು ಎಂದು ನಮ್ಮ ಶೆಟ್ಟಿಕೆರೆಯಲ್ಲಿ ಎಲ್ಲರೂ ಹೇಳುತ್ತಾರೆ. ಟೀ ಅಂಗಡಿಯಲ್ಲಿ ಹೇಳುತ್ತಾರೆ, ತಿಪಟೂರಿನ ಬಸ್ಸಿನಲ್ಲಿ ಹೇಳುತ್ತಾರೆ, ಅವರ ಮಗನಂತೂ ಸಾವಿನ ಮನೆಯಲ್ಲೇ ಹೇಳಿದ. ಕೇಳುವುದಕ್ಕೆ ಚೆನ್ನಾಗಿದೆ. ಈ ಕಡೆ ತೆಂಗು ಬೆಳೆಯುವ ಒಬ್ಬ ಮುದುಕ, ಆ ಕಡೆ ಅಷ್ಟು ದೊಡ್ಡ ದೇಶ. ಇಂಥ ಕತೆಯಲ್ಲಿ ಊರಿನವರು ಯಾರೂ ಯಾವುದಕ್ಕೂ ಹೊಣೆಯಾಗಬೇಕಿಲ್ಲ. ನನಗೆ ಅನುಮಾನ ಬರುವುದಕ್ಕೆ ಅಷ್ಟೇ ಸಾಕು.

ದೊಡ್ಡಪ್ಪ ಎಂದರೆ ರಕ್ತಸಂಬಂಧವಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ದೊಡ್ಡಮ್ಮ ಮೊದಲೇ ತೀರಿಕೊಂಡಿದ್ದರು. ಒಬ್ಬನೇ ಮಗ ತಿಪಟೂರಿನಲ್ಲಿ ಕೊಬ್ಬರಿ ಮಂಡಿ ನಡೆಸುತ್ತಿದ್ದ. ದೊಡ್ಡಪ್ಪ ಒಳ್ಳೆಯ ತೋಟ, ದೊಡ್ಡ ಅಟ್ಟ, ಮೂರು ಹೊತ್ತು ಲಿಂಗಪೂಜೆ ಇಟ್ಟುಕೊಂಡು ನೆಮ್ಮದಿಯಾಗಿ ಇದ್ದುಬಿಡಬಹುದಾಗಿತ್ತು. ಇರಲಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ಸರ್ಕಾರದವರು ಜೀಪಿನಲ್ಲಿ ಬಂದು ಹಿಪ್ಪುನೇರಳೆ ಹಾಕಿ, ರೇಷ್ಮೆ ಮಾಡಿ ಎಂದು ಊರೂರಿಗೆ ಹೇಳಿಹೋದರು. ಹೆಚ್ಚಿನವರು ತಲೆಯಾಡಿಸಿ ಸುಮ್ಮನಾದರು. ದೊಡ್ಡಪ್ಪ ತೆಂಗಿನ ಸಾಲುಗಳ ನಡುವೆ ಹಿಪ್ಪುನೇರಳೆ ಹಾಕಿ ಹುಳ ಸಾಕಿದ್ದಷ್ಟೇ ಅಲ್ಲ, ಹಿತ್ತಲಿನಲ್ಲಿ ಶೀಟಿನ ಶೆಡ್ಡು ಎಬ್ಬಿಸಿ ನೂಲು ತೆಗೆಯುವ ಚರಕಗಳನ್ನು ತಂದಿಟ್ಟರು. ರೇಷ್ಮೆಗೂಡುಗಳನ್ನು ಕುದಿನೀರಿಗೆ ಹಾಕಿ, ಬೆರಳಲ್ಲೇ ಎಳೆ ಹುಡುಕಿ, ಹಲವು ಎಳೆ ಕೂಡಿಸಿ ಚರಕಕ್ಕೆ ಸುತ್ತಿ ಲಡಿ ಮಾಡುವ ಕೆಲಸ. ಗಂಡ ಸತ್ತಿದ್ದ ಗೌರಕ್ಕ ಮತ್ತು ಅವಳ ಕೇರಿಯ ಕೆಲವು ಹೆಂಗಸರು ಅದನ್ನು ಕಲಿತರು. ಕಲಿಯುವ ತನಕ ಅವರ ಬೆರಳ ತುದಿಗಳೆಲ್ಲ ಬೊಬ್ಬೆ.

ಊರು ಮೂಗು ಮುಚ್ಚಿಕೊಂಡಿತು. ಬೆಂದ ಹುಳದ ವಾಸನೆ ಒಂದು ಕಾರಣ. ಇನ್ನೊಂದನ್ನು ಅವರ ನೆಂಟರೊಬ್ಬರು ಜಗಲಿಯ ಮೇಲೆ ಕೂತು, ನಮ್ಮ ಮನೆಗೂ ಕೇಳುವ ಹಾಗೆ ಹೇಳಿದರು:

“ಕೊರಳಲ್ಲಿ ಲಿಂಗ ಕಟ್ಕೊಂಡು ಹಿತ್ತಿಲಲ್ಲಿ ಹುಳ ಬೇಯಿಸ್ತೀರಲ್ಲ, ಏನ್ರೀ ಇದು?”

“ಹುಳದ ಲೆಕ್ಕ ಶಿವ ಕೇಳಿದ್ರೆ ನಾನು ಹೇಳ್ಕತೀನಿ ಬುಡು,” ಎಂದರು ದೊಡ್ಡಪ್ಪ. “ತೆಂಗು ನನಗೆ ಎಲ್ಲಾ ಕೊಟ್ಟೈತೆ. ಈ ಹೆಂಗಸ್ರಿಗೆ ಏನ್ ಕೊಟ್ಟೈತೆ? ಗರಿ. ವರ್ಷವೆಲ್ಲ ಗರಿ ಸೀಳಿ ಪೊರಕೆ ಕಟ್ಟು ಅಂತ.”

ಶೆಡ್ಡು ಯಾಕೆ ಎನ್ನುವುದಕ್ಕೆ ಅವರು ಕೊಟ್ಟ ಕಾರಣ ಇದೊಂದೇ. ತೆಂಗಿನ ತೋಟಕ್ಕೆ ಆಳು ಹೆಚ್ಚು ಬೇಡ. ಕೀಳುವವನೊಬ್ಬ, ಸುಲಿಯುವವನೊಬ್ಬ, ಗಾಡಿಯವನೊಬ್ಬ. ವರ್ಷವಿಡೀ ಹೆಂಗಸರ ಕೈಗೆ ಕೆಲಸ ಕೊಡುವುದು ಶೆಡ್ಡು ಮಾತ್ರ. ಅದು ನಡೆಯಬೇಕು, ನಿಲ್ಲಕೂಡದು. ಇದನ್ನು ಅವರು ಹರಕೆ ಹೊತ್ತವರ ಹಾಗೆ ಮನಸ್ಸಿನಲ್ಲಿಟ್ಟುಕೊಂಡಿದ್ದರು.

ಆಗ ನಾನು ತಿಪಟೂರಿನಲ್ಲಿ ಬಿ.ಎ. ಓದುತ್ತಿದ್ದೆ, ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಸಂಜೆ ಬಸ್ಸಿಳಿದು ಅವರ ಜಗಲಿ ಹತ್ತಿದರೆ ದೊಡ್ಡಪ್ಪ ಬಾಯಿಯ ಎಲೆಅಡಿಕೆ ಉಗಿದು ಬಂದು ಕೂರುತ್ತಿದ್ದರು. “ಬಾರವ್ವ ಲಾಯರಮ್ಮ, ಇವತ್ತು ಯಾವ ದೇಶ ಹಾಳು ಮಾಡ್ದೆ?” ಬಹುಮಾನ ಬಂತೋ ಇಲ್ಲವೋ ಎಂದು ಅವರು ಕೇಳಿದ್ದೇ ಇಲ್ಲ. ಕೇಳುತ್ತಿದ್ದದ್ದು ಇಷ್ಟು: “ಸೋತೋರು ಏನಂದ್ರು, ಅದನ್ ಹೇಳು.” ಮೊದಮೊದಲು ನನಗೆ ಅದು ನೆನಪೇ ಇರುತ್ತಿರಲಿಲ್ಲ. “ಕೇಳಿಸ್ಕೊಳ್ದೆ ಗೆದ್ಯಾ? ಹಂಗಾದ್ರೆ ಅದು ಗೆದ್ದಂಗಲ್ಲ ಬುಡು” ಎಂದು ಎದ್ದು ಹೋಗುತ್ತಿದ್ದರು. ಎರಡು ಮೂರು ಸಲ ಹೀಗೆ ಎದ್ದುಹೋದ ಮೇಲೆ ನಾನು ವೇದಿಕೆಯ ಮೇಲೆ ಕೂತು ಎದುರಾಳಿಯ ಮಾತನ್ನು ಕಿವಿಗೊಟ್ಟು ಕೇಳತೊಡಗಿದೆ. ಕಾಲೇಜಿನ ಮೇಷ್ಟ್ರು ನನಗೆ ಧ್ವನಿ ಏರಿಸುವುದನ್ನೂ ಕೈ ಎತ್ತುವುದನ್ನೂ ಕಲಿಸಿದರು. ಕೇಳುವುದನ್ನು ಕಲಿಸಿದವರು ಇವರು.

ಒಮ್ಮೆ ವಿಷಯ ಚೀನಾದ್ದೇ ಬಂತು. ಬಹಳ ಕಾಲ ಬಾಗಿಲು ಹಾಕಿಕೊಂಡಿದ್ದ ಆ ದೇಶ ಈಗ ಪ್ರಪಂಚದ ಸಂತೆಗೆಲ್ಲ ತನ್ನ ಸರಕು ಇಳಿಸುತ್ತಿದೆ, ಇದರಿಂದ ನಮಗೆ ಲಾಭವೋ ನಷ್ಟವೋ ಎಂಬ ವಿಷಯ. ಲಾಭ ಎನ್ನುವ ಕಡೆ ನಾನು. ಲೈಬ್ರರಿಯ ಪತ್ರಿಕೆಗಳನ್ನು ಓದಿಕೊಂಡು ಬಂದು ಜಗಲಿಯ ಮೇಲೆ ಒಪ್ಪಿಸಿದೆ. ಆಟದ ಸಾಮಾನು, ಬಟ್ಟೆ, ಬೀಗ, ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಚಿನ್ನದ ಬಣ್ಣದ ಕ್ಯಾಪಿನ ಪೆನ್ನು. ಅಗ್ಗವಾದರೆ ಬಡವನಿಗೂ ಸಿಗುತ್ತದೆ. ಸ್ಪರ್ಧೆ ಬಂದರೆ ನಮ್ಮವರೂ ಚುರುಕಾಗುತ್ತಾರೆ. ದೊಡ್ಡಪ್ಪ ಪೂರ್ತಿ ಕೇಳಿದರು.

“ಅಲ್ಲೂ ನೂಲು ತೆಗೆಯೋರು ಹೆಂಗಸ್ರೇನಾ?”

“ಗೊತ್ತಿಲ್ಲ ದೊಡ್ಡಪ್ಪ. ಪೇಪರಿನಲ್ಲಿ ಅದನ್ನೆಲ್ಲ ಬರೆಯಲ್ಲ.”

“ಅದ್ನೇ ಬರೀಬೇಕಾಗಿದ್ದು,” ಎಂದರು. “ಅರವತ್ತೆರಡರಲ್ಲಿ ಚೀನಾದ ಯುದ್ಧದ ಫಂಡಿಗೆ ಅಂತ ಇದೇ ಊರ ಸ್ಕೂಲಲ್ಲಿ ನಿಮ್ಮ ದೊಡ್ಡಮ್ಮ ಕೈಬಳೆ ಬಿಚ್ಚಿಕೊಟ್ಲು ಕಣವ್ವ. ಆಗ ಅವರು ಬರ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಈಗ ಪೆನ್ನಲ್ಲಿ ಬಂದವ್ರೆ ಅಂತೀಯ.”

ಅವರು ರೇಷ್ಮೆಯಲ್ಲಿ ಬಂದದ್ದು ನಾನು ಬಿ.ಎ. ಕಡೆಯ ವರ್ಷದಲ್ಲಿದ್ದಾಗ. ಶೆಡ್ಡಿನ ರೇಷ್ಮೆಯನ್ನು ಬೆಂಗಳೂರಿಗೆ ಕೊಂಡೊಯ್ದು ಮಾರಿಕೊಡುತ್ತಿದ್ದ ದಲ್ಲಾಳಿ ಒಂದು ಮಧ್ಯಾಹ್ನ ಚೀಲದಿಂದ ಪೇಪರಿನಲ್ಲಿ ಸುತ್ತಿದ್ದ ಲಡಿಯೊಂದನ್ನು ತೆಗೆದು ಜಮಖಾನದ ಮೇಲಿಟ್ಟ. ಪಕ್ಕದಲ್ಲಿ ನಮ್ಮದು. ನಮ್ಮದು ತಿಳಿಹಳದಿ, ಅಲ್ಲಲ್ಲಿ ಗಂಟು. ಅದು ಹಾಲಿನ ಬಿಳುಪು. ಎಲ್ಲಿಂದ ಎಲ್ಲಿಗೆ ಮುಟ್ಟಿದರೂ ಒಂದೇ ದಪ್ಪ. ಗೌರಕ್ಕ ಕೈ ಒರೆಸಿಕೊಂಡು ಬಂದು ಎಳೆಯನ್ನು ಎರಡು ಬೆರಳ ನಡುವೆ ಎಳೆದು ನೋಡಿದಳು.

“ಇದ್ನ ಮನುಷ್ಯರು ಮಾಡವ್ರಾ?”

“ಚೈನಾದವರು ಮಾಡಿದ್ದು,” ಎಂದ ದಲ್ಲಾಳಿ. ನೇಪಾಳದ ದಾರಿಯಲ್ಲಿ ಕದ್ದು ಬಂತೋ, ರಫ್ತಿನವರ ಹೆಸರಿನಲ್ಲಿ ಸುಂಕವಿಲ್ಲದೆ ಬಂತೋ ಅವನು ಬಿಡಿಸಿ ಹೇಳಲಿಲ್ಲ. “ಬೆಲೆ ಕೇಳಿದ್ರೆ ನೀವು ನಂಬಲ್ಲ. ನೇಯೋರು ಒಂದ್ಸಲ ಇದನ್ನ ಮುಟ್ಟಿದ್ರೆ ನಿಮ್ಮದು ಮುಟ್ಟಲ್ಲ. ಇರೋದನ್ನ ಈಗ್ಲೇ ಬಂದಷ್ಟಕ್ಕೆ ಕೊಟ್ಟು ಕೈತೊಳ್ಕಳಿ ಯಜಮಾನ್ರೇ. ಶೆಡ್ಡು ಮುಚ್ಚಿ. ತೋಟ ಐತಲ್ಲ ನಿಮಗೆ.”

ಗೌರಕ್ಕ ಲಡಿಯನ್ನು ಕೆಳಗಿಡಲಿಲ್ಲ, ದೊಡ್ಡಪ್ಪನ ಮುಖವನ್ನೇ ನೋಡುತ್ತ ನಿಂತಳು. ಶೆಡ್ಡಿನೊಳಗೆ ಚರಕಗಳ ಸದ್ದು ಒಂದೊಂದಾಗಿ ನಿಂತಿತು. ಒಳಗಿದ್ದವರಿಗೂ ಕೇಳಿಸಿತ್ತು.

“ನಮ್ಮದ್ನ ಅಟ್ಟಕ್ಕೆ ಹಾಕವ್ವ,” ಎಂದರು ದೊಡ್ಡಪ್ಪ.

ನಮ್ಮ ಕಡೆಯವರಲ್ಲದವರಿಗೆ ಈ ಮಾತು ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಮಾರುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಟ್ಟುತ್ತೇವೆ. ಕೆಳಗಿನ ಹೊಗೆ ಬಡಿಯುತ್ತ ವರ್ಷವಾಗುವ ಹೊತ್ತಿಗೆ ಒಳಗೆ ಉಂಡೆ ಕೊಬ್ಬರಿಯಾಗುತ್ತದೆ. ಬೆಲೆ ಬಿದ್ದರೆ ಯಾರೂ ಗಾಬರಿಯಾಗುವುದಿಲ್ಲ. ಅಟ್ಟದಲ್ಲೇ ಇನ್ನಷ್ಟು ದಿನ ಇರಲಿ ಎನ್ನುತ್ತಾರೆ. ಕಾಯುವುದು ನಮ್ಮ ಜನಕ್ಕೆ ವ್ಯಾಪಾರವೂ ಹೌದು, ಸ್ವಭಾವವೂ ಹೌದು. ಆದರೆ ರೇಷ್ಮೆಯನ್ನು ಅಟ್ಟಕ್ಕೆ ಹಾಕಿದವರನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಆ ಸಂಜೆ ನಾನು ಜಗಳಕ್ಕೇ ನಿಂತೆ.

“ದೊಡ್ಡಪ್ಪ, ನಮ್ಮ ಉಂಡೆ ಕೊಬ್ಬರಿ ಬೇಕಂದ್ರೆ ದೆಹಲಿಯವನು ನಮ್ಮ ಹತ್ರಾನೇ ಬರಬೇಕು. ಅದಕ್ಕೇ ಕಾದರೆ ನಡೆಯುತ್ತೆ. ರೇಷ್ಮೆ ಹಂಗಲ್ಲ. ನೀವು ಕಾಯ್ತಾ ಕೂತರೆ ಅವರು ಇನ್ನಷ್ಟು ಮಾಡಿ ಕಳಿಸ್ತಾರೆ.”

“ಕಳಿಸ್ತಾ ಕಳಿಸ್ತಾ ಅವರಿಗೂ ಸಾಕಾಗಲ್ವೇನೇ? ಬೆಲೆ ಬಿದ್ರೆ ಅವರೂ ಅಟ್ಟಕ್ಕೆ ಹಾಕ್ತಾರೆ.”

“ಅವರ ಅಟ್ಟ ನಮ್ಮದಕ್ಕಿಂತ ದೊಡ್ಡದು ದೊಡ್ಡಪ್ಪ. ಸರ್ಕಾರವೇ ಅವರ ಅಟ್ಟ.”

ಅವರು ನಕ್ಕರು. ಆಮೇಲೆ, “ಚೆನ್ನಾಗಿ ಮಾತಾಡ್ತೀಯ ಕಣವ್ವ,” ಎಂದರು. ಒಪ್ಪಿದ್ದೋ, ಮಾತು ಮುಗಿಸಿದ್ದೋ ಅವತ್ತು ನನಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಚರಕಗಳು ತಿರುಗಿದವು. ಅದರ ಮರುದಿನವೂ. ವಾರಕ್ಕೊಮ್ಮೆ ಗೌರಕ್ಕ ಏಣಿ ಹತ್ತಿ ಹೊಸ ಲಡಿಗಳನ್ನು ಅಟ್ಟದಲ್ಲಿಡುತ್ತಿದ್ದಳು. ಕೊಬ್ಬರಿ ಮಾರಿ ಬಂದದ್ದರಲ್ಲಿ ಹೆಂಗಸರ ಕೂಲಿ ಹೋಗುತ್ತಿತ್ತು. ಮಗ ತಿಪಟೂರಿನಿಂದ ಬಂದು ಅಂಗಳದಲ್ಲಿ ನಿಂತು ಕೂಗಾಡಿದ. “ಅಪ್ಪಾಜಿ, ಇದು ಶೆಡ್ಡಾ, ಧರ್ಮಛತ್ರಾನಾ?” ದೊಡ್ಡಪ್ಪ ಒಳಗಿನಿಂದಲೇ, “ಬೆಲೆ ಬತ್ತದೆ ತಡ್ಕಳಲಾ” ಎಂದರು. ಹೆಂಗಸರೂ ಬಾವಿಯ ಹತ್ತಿರ ಅದೇ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಹೀಗೆ ಎರಡು ಮಳೆಗಾಲ ಕಳೆದವು. ಬೆಲೆ ಬರಲಿಲ್ಲ. ಎರಡನೆಯ ಮಳೆಗಾಲ ಮುಗಿಯುವಾಗ ದೊಡ್ಡಪ್ಪ ಒಂದು ಬೆಳಿಗ್ಗೆ ಪೂಜೆಗೆ ಕೂತವರು ಏಳಲಿಲ್ಲ.

ಸಮಾಧಿಯಾದ ಮೇಲೆ ಮಗ ಬಂದವರಿಗೆಲ್ಲ ಹೇಳುತ್ತಿದ್ದ: “ಅಪ್ಪಾಜಿಯನ್ನ ಚೀನಾದವರು ಮುಳುಗಿಸಿಬಿಟ್ರು. ಕೊಬ್ಬರಿಯ ಬುದ್ಧಿಯಲ್ಲಿ ರೇಷ್ಮೆಗೆ ಕೈ ಹಾಕಿದ್ರು, ಪಾಪ.” ಜನ ಹೌದೆಂದು ತಲೆಯಾಡಿಸಿದರು.

ಚೀನಾದ ಪಾತ್ರ ಇಲ್ಲವೆಂದು ನಾನು ವಾದಿಸುವುದಿಲ್ಲ. ಎಲ್ಲೋ ಕೂತು ಯಾರೋ ತೆಗೆದ ಬಿಳಿ ಎಳೆ ಸಮುದ್ರ ದಾಟಿ, ಗಡಿ ದಾಟಿ ಬಂದು ಶೆಟ್ಟಿಕೆರೆಯ ಹಿತ್ತಲಿನ ರೇಷ್ಮೆಯ ಬೆಲೆಯನ್ನು ತೀರ್ಮಾನಿಸಿತು. ನನ್ನ ಚರ್ಚಾಸ್ಪರ್ಧೆಯ ಭಾಷಣದಲ್ಲಿ ಅದು ಒಂದು ವಾಕ್ಯ ಮಾತ್ರ ಆಗಿತ್ತು. ಇಲ್ಲಿ ಅದು ಚರಕ ನಿಲ್ಲಿಸಿ ಕಿವಿಗೊಟ್ಟು ನಿಂತ ಹೆಂಗಸರ ಬದುಕಾಗಿತ್ತು. ಇಷ್ಟನ್ನು ಒಪ್ಪುತ್ತೇನೆ. ಆದರೆ ಕೊಬ್ಬರಿಯ ಬುದ್ಧಿಯಿಂದ ಮೋಸಹೋದರು ಎನ್ನುವುದನ್ನು ಒಪ್ಪಲಾರೆ. ಒಲೆಯ ಹೊಗೆ ಯಾವ ವಸ್ತುವಿಗೆ ಏನು ಮಾಡುತ್ತದೆ ಎಂದು ಈ ಸೀಮೆಯಲ್ಲಿ ಅವರಿಗಿಂತ ಚೆನ್ನಾಗಿ ತಿಳಿದವರು ಯಾರಿದ್ದರು? ದೊಡ್ಡಮ್ಮನ ಧಾರೆಯ ರೇಷ್ಮೆ ಸೀರೆಯನ್ನು ನಡುಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಬೇವಿನಸೊಪ್ಪು ಹಾಕಿ ಇಟ್ಟಿದ್ದವರು, ಮಾರಬೇಕೆಂದಿರುವ ರೇಷ್ಮೆಯನ್ನು ಒಲೆಯ ನೆತ್ತಿಯ ಮೇಲೆ ಇಡಿಸುತ್ತಾರೆಯೇ? ಆ ಪೆಟ್ಟಿಗೆಯಲ್ಲಿ ಜಾಗ ಬೇಕಾದಷ್ಟಿತ್ತು. ನಾನೇ ನೋಡಿದ್ದೇನೆ.

ಬೆಲೆ ಬಿದ್ದ ದಿನ ಮಾರಿದ್ದರೆ ಮರುದಿನ ಶೆಡ್ಡು ಮುಚ್ಚಬೇಕಿತ್ತು. ಮಾರುವ ಮಾತೇ ಇಲ್ಲದೆ ಕೂಲಿ ಕೊಟ್ಟರೆ ಅದು ದಾನವಾಗುತ್ತಿತ್ತು. ಗೌರಕ್ಕ ಒಂದು ದಿನವೂ ತೆಗೆದುಕೊಳ್ಳುತ್ತಿರಲಿಲ್ಲ. ಕಾಯುತ್ತಿದ್ದೇವೆ ಎಂದರೆ ಮಾತ್ರ ಚರಕ ತಿರುಗುವುದಕ್ಕೆ ಅರ್ಥವಿರುತ್ತಿತ್ತು.

ಸೋತವರು ಏನಂದರು ಎಂದು ದೊಡ್ಡಪ್ಪ ಈಗಲೂ ಕೇಳಿಯಾರು, ಆದ್ದರಿಂದ ನನಗೆ ವಿರುದ್ಧವಾದ ಸಾಕ್ಷಿಯನ್ನೂ ಹೇಳಬೇಕು. ತಮ್ಮ ಬದುಕಿನ ಕಡೆಯ ವರ್ಷವೂ ಅವರು ಕೊಬ್ಬರಿ ಹರಾಜಿಗೆ ತಿಪಟೂರಿಗೆ ಹೋದಾಗಲೆಲ್ಲ ಬೆಂಗಳೂರಿನಿಂದ ಬಂದವರನ್ನು ನಿಲ್ಲಿಸಿ ರೇಷ್ಮೆ ಎಷ್ಟಾಯಿತು ಎಂದು ಕೇಳುತ್ತಿದ್ದರು. ನಾನು ಪಕ್ಕದಲ್ಲೇ ಇದ್ದೆ. ಏರಿಲ್ಲ ಎಂದು ಕೇಳಿದಾಗ ಅವರ ಮುಖ ಸಣ್ಣದಾಗುತ್ತಿತ್ತು. ಅದು ನಟನೆಯಾಗಿದ್ದರೆ ಅಂಥ ನಟನೆ ಯಾರಿಗಾಗಿ? ಅಲ್ಲಿ ಗೌರಕ್ಕ ಇರಲಿಲ್ಲ.

ದೊಡ್ಡಪ್ಪನ ಉತ್ತರಕ್ರಿಯೆ, ಶಿವಗಣಾರಾಧನೆ ಮುಗಿದ ಮರುದಿನ ಮಗ ಶೆಡ್ಡಿನ ಶೀಟು ಬಿಚ್ಚಿಸಿದ, ಅಟ್ಟವನ್ನು ಖಾಲಿ ಮಾಡಿಸಿದ. ಲಡಿಗಳು ಕೆಳಗೆ ಬಂದವು. ಮೇಲುಮೇಲಿನವು ಇನ್ನೂ ಹಳದಿ. ಒಳಗೆ ಹೋದಂತೆ ಬೆಲ್ಲದ ಬಣ್ಣ. ತೀರ ಹಳೆಯವು ಮಸಿ. ಎಲ್ಲದಕ್ಕೂ ಒಂದೇ ಹೊಗೆಯ ವಾಸನೆ. ಯಾರೂ ಹೇಳದಿದ್ದರೂ ಗೌರಕ್ಕ ನೆಲದ ಮೇಲೆ ಕೂತು ಒಂದೊಂದನ್ನೇ ಕೊಡವಿ, ಸಿಕ್ಕು ಬಿಡಿಸಿ, ಮಾರುಕಟ್ಟೆಗೆ ಕಳಿಸುವಂತೆ ಅಚ್ಚುಕಟ್ಟಾಗಿ ತಿರುಚಿ ಕಟ್ಟುತ್ತಿದ್ದಳು. ಮಗ ಅಂಗಳದಲ್ಲಿ ಯಾರಿಗೋ ಮತ್ತೆ ಚೀನಾದ ಕತೆ ಹೇಳುತ್ತಿದ್ದ. ನಾನು ಅವಳ ಎದುರಿಗೆ ಕೂತೆ. ವಾರವಾರವೂ ಏಣಿ ಹತ್ತಿದವಳು ಅವಳು. ಹೊಗೆ ಬಣ್ಣ ತಿರುಗಿಸುವುದನ್ನು ಎಲ್ಲರಿಗಿಂತ ಮೊದಲು ಕಂಡವಳೂ ಅವಳೇ. ಕಂಡ ಮೇಲೂ ಇಳಿದು ಬಂದು ಮತ್ತೆ ಚರಕದ ಮುಂದೆ ಕೂತಿದ್ದಳು.

“ಗೌರಕ್ಕ,” ಎಂದೆ, “ಇದನ್ನ ಇನ್ಯಾರೂ ಕೊಳ್ಳಲ್ಲ ಅಂತ ದೊಡ್ಡಪ್ಪನಿಗೆ ಗೊತ್ತಿತ್ತಾ? ಅವರಿಗೆ ಗೊತ್ತಿತ್ತು ಅಂತ ನಿನಗೆ ಗೊತ್ತಿತ್ತಾ?”