ಥರ್ಜಾ ಮ್ಯಾಬಟ್ ಕುದಿಸಿದ ಗಂಜಿ

ಕಾನ್ಸಾಸ್ ಸೀಮೆಯ ಕೋರ್ಡೇಲ್ ಊರಿನಲ್ಲಿ ಥರ್ಜಾ ಮ್ಯಾಬಟ್ ಗಂಜಿ ಹಾಕಿಕೊಟ್ಟ ಕಾಲರಿಗೆ ದೊಡ್ಡ ಹೆಸರು. ಪಾದ್ರಿಗಳು ಎಷ್ಟೇ ಉದ್ದದ ಉಪದೇಶ ಮಾಡಲಿ, ಕೊನೆಯ ಆಮೆನ್‌ವರೆಗೂ ಅದು ಬಗ್ಗುತ್ತಿರಲಿಲ್ಲ. ಗಂಡ ಸೈಲಸ್ ತೀರಿಕೊಂಡು ಹದಿನೇಳು ವರ್ಷ ಕಳೆದಿತ್ತು. ಅಂದಿನಿಂದ ಊರಿನ ಬಟ್ಟೆಗಳನ್ನೆಲ್ಲ ಒಗೆದವಳು ಅವಳೇ. ಯಾರ ಅಂಗಿಯಲ್ಲಿ ಯಾವ ಕಲೆ ಎಂಬುದು ಅವಳಿಗೆ ಗೊತ್ತಿತ್ತು, ಆದರೆ ಯಾರ ಮುಂದೆಯೂ ಬಾಯಿಬಿಟ್ಟವಳಲ್ಲ. ಹಾಗೆ ಸುಮ್ಮನಿರುವುದೂ ದೇವರಿಗೆ ಸಲ್ಲುವ ಸೇವೆಯೆಂದು ಅವಳ ನಂಬಿಕೆ.

ಅವಳಿಗಿದ್ದ ಕಷ್ಟವೆಲ್ಲ ನೀರಿನದು. ಕೆಳಗೇರಿಯ ಕೈಪಂಪು ಕೆಟ್ಟು ನಾಲ್ಕು ವರ್ಷವಾಗಿತ್ತು. ಕೇರಿಯ ಹೆಂಗಸರೆಲ್ಲ ಅರ್ಧ ಮೈಲಿಯಾಚೆಯ ತೊರೆಯಿಂದ ನೀರು ಹೊರುತ್ತಿದ್ದರು. ಥರ್ಜಾಳ ಎಡಭುಜ ಬಲಭುಜಕ್ಕಿಂತ ಒಂದು ಬೆರಳು ತಗ್ಗಿತ್ತು. ಬೀದಿ, ಬಾವಿ, ಪಂಪುಗಳ ಉಸ್ತುವಾರಿ ಹಿಟ್ಟಿನ ಗಿರಣಿಯ ಧಣಿ ಎಲ್ಡನ್ ಸ್ಟ್ರೇಕ್‌ನದು. ಅವನು ಪ್ರತಿ ಏಪ್ರಿಲ್‌ನಲ್ಲಿ ಮತ ಕೇಳಲು ಬಂದಾಗ ಪಂಪಿನ ಹಿಡಿಯನ್ನು ಎರಡು ಸಲ ಅಲ್ಲಾಡಿಸಿ, "ಈ ಸಲ ನೋಡೋಣಮ್ಮ" ಎಂದು ಹೋಗುತ್ತಿದ್ದ.

ಹೆಂಗಸರಿಗೆ ಊರಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಸಿಕ್ಕಿ ಎರಡು ವರ್ಷವಾಗಿತ್ತು. ಈ ಸಲ ಅವರೆಲ್ಲ ಸೇರಿ ಕಮ್ಮಾರ ಓರಿನ್ ಡ್ಯಾಕ್‌ನನ್ನು ಆರಿಸುವುದೆಂದು ಮಾತಾಡಿಕೊಂಡರು. ಆದರೆ ಗಿರಣಿಯ ಆಳುಗಳು ಧಣಿಗೆ ತಿಳಿಯದ ಹಾಗೆ ಮತ ಹಾಕಬೇಕಿತ್ತು. ತಿಳಿದರೆ ಮರುದಿನವೇ ಕೆಲಸಕ್ಕೆ ಸಂಚಕಾರ. ಅದಕ್ಕೆ ಒಂದು ದಾರಿಯಿತ್ತು. ಸ್ಟ್ರೇಕ್‌ನ ಪಕ್ಷದವರು ತಮ್ಮವರ ಹೆಸರುಗಳನ್ನು ಅಚ್ಚು ಹಾಕಿಸಿದ ಉದ್ದನೆಯ ಚೀಟಿಯನ್ನು ಮತಗಟ್ಟೆಯ ಬಾಗಿಲಲ್ಲೇ ನಿಂತು ಹಂಚುತ್ತಿದ್ದರು. ಅದರಲ್ಲಿ ಒಂದು ಹೆಸರು ಬೇಡವಾದರೆ ಅದರ ಮೇಲೆ ಬೇರೆ ಹೆಸರಿನ ಸಣ್ಣ ಪಟ್ಟಿ ಅಂಟಿಸಿ, ಮಡಿಸಿ, ಪೆಟ್ಟಿಗೆಗೆ ಹಾಕಿದರಾಯಿತು. ಮೇಲುನೋಟಕ್ಕೆ ಎಲ್ಲ ಚೀಟಿಯೂ ಒಂದೇ.

ಡ್ಯಾಕ್‌ನ ಹೆಸರಿನ ಪಟ್ಟಿಗಳು ಅಚ್ಚಾಗಿ ಬಂದವು. ಅಂಟು ಮಾಡುವ ಕೆಲಸ ಥರ್ಜಾಳ ಪಾಲಿಗೆ ಬಂತು. ಅವಳು ಒಲೆಯ ಮುಂದೆ ಗಂಜಿ ತಿರುವುತ್ತ, ಗಿರಣಿಯ ಆಳು ಜೇಕಬ್‌ನ ಹೆಂಡತಿ ಆಗಸ್ಟಾಳ ಮಾತಿಗೆ ಕಿವಿಗೊಟ್ಟಿದ್ದಳು. ಆಗಸ್ಟಾ ಮಾತಿಗೆ ಕೂತರೆ ಬೇಗ ಏಳುವವಳಲ್ಲ. ಗಂಜಿಯನ್ನು ಪಟ್ಟಿಗಳ ಬೆನ್ನಿಗೆ ಸವರಿ ಒಣಗಿಸಿದರು. ನೆಕ್ಕಿ ಅಂಟಿಸಿದರೆ ಅದು ಗೋಡೆಗೂ ಬಿಡದೆ ಹಿಡಿಯುತ್ತಿತ್ತು.

ಚುನಾವಣೆಯ ದಿನ ಚರ್ಚಿನ ಹಜಾರದಲ್ಲಿ ಹೆಂಗಸರು ಊರಿಗೆಲ್ಲ ಊಟ ಬಡಿಸುವ ವಾಡಿಕೆ. ಮಧ್ಯಾಹ್ನ ಥರ್ಜಾ ಸೇಬಿನ ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದಾಗ ಆಗಸ್ಟಾ ಮತ ಹಾಕಿ ಬಂದಳು.

"ಆಯ್ತು ಕಣೆ. ಬಾಗಿಲಲ್ಲಿದ್ದ ಸ್ಟ್ರೇಕ್ ಟೋಪಿ ತೆಗೆದು ನಮಸ್ಕಾರ ಬೇರೆ ಮಾಡಿದ."

ಥರ್ಜಾ ಲಟ್ಟಣಿಗೆ ಕೆಳಗಿಟ್ಟಳು. "ಇನ್ನೊಂದ್ಸಲ ಬಾಯಿ ತೆಗಿ."

"ಯಾಕೆ?"

"ತೆಗಿ ಅಂದೆನಲ್ಲ."

ಆಗಸ್ಟಾಳ ನಾಲಿಗೆ ಕಡುನೀಲಿಯಾಗಿತ್ತು.

ಥರ್ಜಾಳಿಗೆ ಎಲ್ಲ ಅರ್ಥವಾಯಿತು. ಗಂಜಿ ಕುದಿಸುವಾಗ ಬಟ್ಟೆ ಬೆಳ್ಳಗಾಗಲೆಂದು ನೀಲಿ ಹಾಕುವುದು ಹದಿನೇಳು ವರ್ಷದ ಅಭ್ಯಾಸ. ಮಾತಿನ ನಡುವೆ ಕೈ ತನ್ನ ಪಾಡಿಗೆ ತಾನು ಹಾಕಿಬಿಟ್ಟಿತ್ತು, ಅದೂ ಎರಡು ಸಲ.

"ಜೇಕಬ್ ಹಾಕಿ ಆಯ್ತಾ?"

"ಬೆಳಿಗ್ಗೇನೇ. ಗಿರಣಿಯವರೆಲ್ಲಾ ಹಾಕಿದಾರೆ. ಅಯ್ಯೋ ಮಾರಾಯ್ತಿ, ಗಂಟೆಗಟ್ಟಲೆ ಮಾತಾಡೋ ನನ್ನ ಗಂಡ ಇವತ್ತು ಬಾಯಿ ಮುಚ್ಕೊಂಡಿರ್ತಾನಾ?"

ಥರ್ಜಾ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತಳು. ತುಟಿ ಅಲ್ಲಾಡಿತು. ಕಣ್ಣು ತೆರೆದವಳೇ, "ಸೇಬಿನ ಕಡುಬು ಬೇಡ. ನಮ್ಮ ನೆಲಮಾಳಿಗೇಲಿ ಬಾಯಿಗೆ ಬಣ್ಣ ಹಿಡಿಸೋ ಕಪ್ಪುಹಣ್ಣಿನ ಜಾಡಿ ಆರು ಇವೆ. ಪ್ರತಿ ಮನೆಯಿಂದಲೂ ತರಿಸು" ಎಂದಳು.

ಜಾಡಿಗಳು ಬಂದವು. ಸ್ಟ್ರೇಕ್‌ನ ಹೆಂಡತಿ ಲವಿನಿಯಾ ಕೂಡ, ಯಾರೂ ಕೇಳದೆಯೇ, ದೊಡ್ಡ ಜಾಡಿಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಮಾತಿಲ್ಲ, ಕತೆಯಿಲ್ಲ, ತಲೆಯಾಡಿಸಿ ಹೋಗಿ ಕಿಟಕಿಯ ಪಕ್ಕ ಕೂತಳು.

ನಾಲ್ಕಕ್ಕೆ ಮತದಾನ ಮುಗಿಯಿತು. ಅತ್ತ ಎಣಿಕೆ ನಡೆದಿದ್ದಾಗ ಇತ್ತ ಊರೆಲ್ಲ ಕಡುಬು ತಿನ್ನುತ್ತಿತ್ತು. ಥರ್ಜಾ ಗಂಡಸರಲ್ಲಿ ಯಾರ ತಟ್ಟೆಯನ್ನೂ ಖಾಲಿ ಬಿಡಲಿಲ್ಲ. ಪಾದ್ರಿಗಳಿಗೆ ಮೂರು ತುಂಡು ಬಡಿಸಿದಳು.

ಐದೂವರೆಗೆ ಸ್ಟ್ರೇಕ್ ಒಳಗೆ ಬಂದ. ಹನ್ನೊಂದು ಮತದಿಂದ ಸೋತಿದ್ದ. ಕೈಯಲ್ಲಿ ಚೀಟಿಯಿಂದ ಕಿತ್ತ ಒಂದು ಪಟ್ಟಿಯಿತ್ತು, ಅದರ ಬೆನ್ನು ನೀಲಿ.

"ಜೇಕಬ್, ನಾಲಿಗೆ ತೋರಿಸು."

ಜೇಕಬ್ ತೋರಿಸಿದ.

"ಅಂದ್ಕೊಂಡೆ. ಇದೇನಿದು?"

"ಕಡುಬು, ಯಜಮಾನ್ರೇ."

"ಪಕ್ಕದವನು ತೋರಿಸಲಿ."

ಪಕ್ಕದವನು ತೋರಿಸಿದ. ಅವನ ಪಕ್ಕದವನೂ ತೋರಿಸಿದ. ಆಮೇಲೆ ಯಾರೂ ಹೇಳಿಸಿಕೊಳ್ಳಲಿಲ್ಲ, ಸಾಲಾಗಿ ನಾಲಿಗೆಗಳು ಹೊರಬಂದವು. ಕೊನೆಗೆ ಪಾದ್ರಿಗಳು, ಏನು ಎತ್ತ ಗೊತ್ತಿಲ್ಲದಿದ್ದರೂ, ಸಭ್ಯತೆಯಿಂದ ತಮ್ಮದನ್ನೂ ಚಾಚಿದರು. ಎಲ್ಲವೂ ನೀಲಿಗಪ್ಪು.

ಸ್ಟ್ರೇಕ್ ಥರ್ಜಾಳ ಕಡೆ ತಿರುಗಿದ. "ಇದು ನಿನ್ನ ಗಂಜಿ ತಾನೇ?"

ಅವಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ನಂದೇ, ಯಜಮಾನ್ರೇ. ಸುಳ್ಳು ಹೇಳಲ್ಲ. ಅಂಟು ಮಾಡಿದ್ದು ನಾನು, ಮತ ಹಾಕಿದ್ದೂ ನಾನು. ನಾಳೆಯಿಂದ ನಿಮ್ಮ ಬಟ್ಟೆ ಬೇರೆಯವರಿಗೆ ಕೊಡಿ. ಉಳಿದವರು ಯಾರು ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ."

"ಎಲ್ಡನ್," ಎಂದಿತು ಕಿಟಕಿಯ ಪಕ್ಕದಿಂದ ಒಂದು ದನಿ. "ಬಂದು ಕೂತ್ಕೊಳ್ಳಿ. ಕಡುಬು ಆರ್ತಾ ಇದೆ. ಥರ್ಜಾ ಒಗೆದಷ್ಟು ಬೆಳ್ಳಗೆ ನಿಮ್ಮ ಕಾಲರು ಯಾರು ಒಗೀತಾರೆ?"

ಯಾರೋ ಕಿಸಕ್ಕೆಂದರು. ಮತ್ತೊಬ್ಬರು ಜೋರಾಗಿ ನಕ್ಕರು. ಹಜಾರವೆಲ್ಲ ನಗುವಾಗ ಒಬ್ಬನೇ ಎಷ್ಟು ಹೊತ್ತು ಸಿಟ್ಟಾಗಿರಲು ಸಾಧ್ಯ? ಸ್ಟ್ರೇಕ್ ಟೋಪಿ ತೆಗೆದಿಟ್ಟು ಹೆಂಡತಿಯ ಪಕ್ಕ ಕೂತ. ಮೊದಲ ತುತ್ತು ಕೋಪದಿಂದಲೇ ತಿಂದ, ಎರಡನೆಯ ತುಂಡನ್ನು ತಾನೇ ಕೇಳಿದ.

ಅದನ್ನು ಬಡಿಸಲು ಹೋದಾಗ ಥರ್ಜಾ ಲವಿನಿಯಾಳ ತಟ್ಟೆ ನೋಡಿದಳು. ಅದು ಬೆಳಗಿಟ್ಟ ಹಾಗೇ ಇತ್ತು, ಚಮಚ ಕೂಡ ಒದ್ದೆಯಾಗಿರಲಿಲ್ಲ.

"ನಿಮಗೂ ಒಂದು ತುಂಡು ಹಾಕ್ಲಾ, ಮಿಸೆಸ್ ಸ್ಟ್ರೇಕ್?"

"ಬೇಗ ಹಾಕಮ್ಮ," ಎಂದಳು ಲವಿನಿಯಾ, ತುಟಿಯನ್ನು ಆದಷ್ಟು ಕಡಿಮೆ ತೆರೆದು. ಆದರೂ ಥರ್ಜಾಳಿಗೆ ಕಂಡಿತು. ನಾಲಿಗೆ ಕಡುನೀಲಿ.

ದೊಡ್ಡ ತುಂಡನ್ನೇ ಹಾಕಿದಳು.

ಮೇ ತಿಂಗಳಲ್ಲಿ ಡ್ಯಾಕ್ ಪಂಪು ರಿಪೇರಿ ಮಾಡಿದ. ಮೊದಲ ಬಕೆಟ್ಟು ಥರ್ಜಾಳದೇ ಆಗಬೇಕೆಂದು ಕೇರಿಯವರು ಹಟ ಹಿಡಿದರು. ಆ ನೀರಿನಲ್ಲಿ ಅವಳು ಮೊದಲು ಒಗೆದದ್ದು ಸ್ಟ್ರೇಕ್‌ನ ಕಾಲರುಗಳನ್ನು. ಗಂಜಿಗೆ ನೀಲಿ ಹಾಕುವ ಮುಂಚೆ ಈಗ ಅವಳು ಆಗಸ್ಟಾಳಿಗೆ, "ಒಂದು ನಿಮಿಷ ಸುಮ್ಮನಿರೇ" ಎನ್ನುತ್ತಾಳೆ.