ಕಾಲುವೆ ದಂಡೆಯಲ್ಲಿ ಮುರಿದ ಉಪವಾಸ

ಸಿಂಧನೂರಿನ ಪಾರ್ಕ್ ದಾಟಿ, ಕಾಲುವೆ ದಂಡೆಗುಂಟ ಸುತ್ತು ಹಾಕಿ ಮನೆಗೆ ಮರಳುವ ನನ್ನ ಬೆಳಗಿನ ನಡಿಗೆಯಲ್ಲಿ ಅಂದು ಕಣ್ಣು ಕತ್ತಲೆಗಟ್ಟಿ ಕುಸಿದು ಕುಳಿತೆ. ಶುಗರ್ ಮಾತ್ರೆ ನುಂಗಿದ್ದೆ. ಶ್ರಾವಣ ಸೋಮವಾರವೆಂದು ಏನೂ ತಿಂದಿರಲಿಲ್ಲ. ಭತ್ತದ ನಾಟಿಗೆ ಹೊರಟಿದ್ದ ಹೆಂಗಸೊಬ್ಬಳು ಓಡಿಬಂದು, ತನ್ನ ಬುತ್ತಿ ಬಿಚ್ಚಿ, ಬೆಲ್ಲದ ಚೂರನ್ನು ನನ್ನ ಬಾಯಿಗೆ ಹಿಡಿದಳು.

“ಇವತ್ತು ಉಪವಾಸ ಐತಿ ಯವ್ವಾ,” ಎಂದೆ.

“ಪಾಪ ಬಂದ್ರ ನನಗ ಬರಲಿ ಯಕ್ಕಾ. ನೀ ಮೊದ್ಲ ಬಾಯಿ ತೆಗಿ,” ಎಂದು ಗದರಿದಳು.

ತಿಂದೆ. ಜೊತೆಯವರು ಗದ್ದೆಯಿಂದ ಕೂಗುತ್ತಿದ್ದರೂ, ನನ್ನ ನಡುಕ ನಿಲ್ಲುವ ತನಕ ಆಕೆ ಬೆನ್ನು ಸವರುತ್ತ ಪಕ್ಕದಲ್ಲೇ ಕುಳಿತಿದ್ದಳು.

ಈಗ ಸೋಮವಾರವೂ ದೀಪ ಹಚ್ಚಿ, ಆಕೆ ಚೆನ್ನಾಗಿರಲೆಂದು ಬೇಡಿಕೊಂಡು, ಒಂದು ರೊಟ್ಟಿ ತಿಂದೇ ನಡೆಯಲು ಹೊರಡುತ್ತೇನೆ. ಶಿವ ಮುನಿದಂತೆ ನನಗೇನೂ ಕಾಣುವುದಿಲ್ಲ.